ಒಂದೆಲಗಕ್ಕೆ ಹೇಳುವ ಹೆಸರು

ನಲವತ್ತೆರಡು ವರ್ಷದ ಸಂಸಾರದಲ್ಲಿ ನಾನು ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ‘ಏ, ಇಲ್ಲಿ ಕೇಳು’ ಎನ್ನುವುದರಲ್ಲೇ ಕೆಲಸ ನಡೆದುಹೋಗಿತ್ತು. ಈಗ ದಿನಾ ಬೆಳಿಗ್ಗೆ ಮತ್ತಿಕೆರೆಯ ನಮ್ಮ ತಾರಸಿಯಲ್ಲಿ ಒಂದು ಒಡಕು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ‘ಶಾಂತವ್ವ’ ಎಂದು ಗಟ್ಟಿಯಾಗಿ ಹೇಳುತ್ತೇನೆ. ಎದುರು ಮನೆಯವರು ಬಟ್ಟೆ ಹರವುತ್ತಾ ನೋಡುತ್ತಾರೆ. ನೋಡಲಿ.

ಬಕೆಟ್ಟಿನಲ್ಲಿರುವುದು ಒಂದೆಲಗ. ಕೊಟ್ಟವಳು ಮಾಕಳಿಯಿಂದ ಸೊಪ್ಪು ತಂದು ನಮ್ಮ ಬೀದಿಯಲ್ಲಿ ಮಾರುವ ಅಜ್ಜಿ. ಹೆಂಡತಿಗೆ ಮರೆವಿನ ಕಾಯಿಲೆ ಎಂದಾಗ ಬೇರುಸಮೇತ ಒಂದು ಹಿಡಿ ಕೈಗಿಟ್ಟು, “ಸುಮ್ಕೆ ಕೀಳ್ಬಾರ್ದು ಕಣಪ್ಪ. ಯಾರ್ಗೆ ಮದ್ದೋ ಅವ್ರ ಎಸ್ರು ಯೋಳಿ ಕೀಳ್ಬೇಕು. ಇಲ್ಲಾಂದ್ರೆ ಗಿಡಕ್ಕೆ ಎಂಗೆ ಗೊತ್ತಾಯ್ತದೆ?” ಎಂದಳು. ಅದೂ ಸರಿಯೇ ಅನಿಸಿತು. ಡಾಕ್ಟರ ಚೀಟಿಯ ಮೇಲೂ ರೋಗಿಯ ಹೆಸರು ಇರುತ್ತದಲ್ಲ! ಆದರೆ ಮೊದಲ ದಿನ ಹೊಸ ಮದುವಣಿಗನ ಹಾಗೆ ನಾಚಿ, ಕೆಮ್ಮಿ, ಹೆಸರು ಹೇಳದೆಯೇ ಇಳಿದುಬಂದೆ.

ಒಂದು ತೊಟ್ಟಿಗೆ ಒಂದೇ ಎಲೆ, ಅದಕ್ಕೇ ಒಂದೆಲಗ. ಕೆಲವರು ಇದೇ ಬ್ರಾಹ್ಮಿ ಎನ್ನುತ್ತಾರೆ. ಇನ್ನು ಕೆಲವರು ಬ್ರಾಹ್ಮಿಯೇ ಬೇರೆ ಎಂದು ಜಗಳಕ್ಕೆ ಬರುತ್ತಾರೆ. ನೆನಪಿನ ಗಿಡ ಯಾವುದೆಂಬುದರಲ್ಲೇ ತಿಳಿದವರಿಗೆ ಒಮ್ಮತವಿಲ್ಲದಿರುವಾಗ ನನ್ನಂಥ ನಿವೃತ್ತ ಫಿಟರ್ ಏನು ಹೇಳಲಿ? ಕಾಯಿತುರಿ, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆಯುತ್ತೇನೆ. ಮಾತ್ರೆಯೂ ನಡೆದಿದೆ. ಎರಡರಿಂದಲೂ ಗುಣ ಕಂಡಿಲ್ಲ ಎಂದು ಬಾಯಿಬಿಟ್ಟು ಹೇಳಲು ನನಗೆ ಭಯ.

ಹೆಬ್ಬಾಳದ ಡಾಕ್ಟರಮ್ಮ ಒಮ್ಮೆ ನನ್ನನ್ನು ತೋರಿಸಿ, “ಅಮ್ಮಾ, ಇವ್ರ ಹೆಸರೇನು ಹೇಳಿ?” ಎಂದರು. ಶಾಂತವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಡಾಕ್ಟರಮ್ಮ ಏನೋ ಬರೆದುಕೊಂಡರು. ನನಗೆ ಸಿಟ್ಟು ಬಂತು.

“ಮೇಡಂ, ನಮ್ಮ ಗದಗಿನ ಕಡೆ ಗಂಡನ ಹೆಸರು ಹೇಳೂದಿಲ್ರೀ. ಇದು ಮರೆವಲ್ಲ, ಮರ್ಯಾದಿ.”

“ಇರ್ಬಹುದು ಸರ್. ಆದ್ರೆ ನನಗ್ ಹೇಗ್ ಗೊತ್ತಾಗ್ಬೇಕು?”

ನನಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅದೇ ಚಿಂತೆ ಕೊರೆಯಿತು. ನಮ್ಮ ಕಡೆ ಗಂಡನ ಹೆಸರನ್ನು ಒಡಪು ಎಂಬ ಪ್ರಾಸದ ಸಾಲಿನೊಳಗೆ ಬಚ್ಚಿಟ್ಟು ಹೇಳಬಹುದು. ಮದುವೆಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ಶಾಂತವ್ವನ ಒಡಪು ನನಗೆ ಬಾಯಿಪಾಠ. ಮನೆಗೆ ಬಂದವನೇ “ಬೆಳ್ಳಿ ಬಟ್ಟಲದಾಗ ಬೆಣ್ಣಿ ಇಟ್ಟೇನಿ” ಎಂದು ಅರ್ಧ ಹೇಳಿ, ನನ್ನ ಹೆಸರಿರುವ ಇನ್ನರ್ಧಕ್ಕೆ ಕಾದೆ.

“ತಗದಿಡ್ರಿ ಮತ್ತ, ಬೆಕ್ಕು ಬರ್ತದ” ಎಂದಳು.

ನಕ್ಕೆ. ಆಮೇಲೆ ಒಡಪಿನ ಉಳಿದರ್ಧವನ್ನು ನನ್ನೊಳಗೇ ಹೇಳಿಕೊಂಡೆ.

ಕಳೆದ ವಾರ ರೊಟ್ಟಿ, ಒಂದೆಲಗದ ಚಟ್ನಿ ಮುಂದಿಟ್ಟೆ. ಅವಳು ಪರ ಊರಿನವರ ಎದುರು ಮಾಡುವಂತೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, “ನಿಮಗ ಬಸವರಾಜ ಗೊತ್ತೇನ್ರೀ? ನಮ್ಮ ಮನಿಯವ್ರು. ಫ್ಯಾಕ್ಟರಿಗೆ ಹೋದವ್ರು ಇನ್ನೂ ಬಂದಿಲ್ಲ” ಎಂದಳು.

ಒಡಪಿಲ್ಲ, ನಾಚಿಕೆಯಿಲ್ಲ. ಇಷ್ಟು ವರ್ಷ ಒಳಗಿಟ್ಟುಕೊಂಡ ಹೆಸರು, ಹೇಳಬಾರದೆಂಬುದು ಮರೆತ ಮೇಲೆ ಹೊರಗೆ ಬಂದಿತ್ತು. ಹೆಸರು ಉಳಿದಿತ್ತು, ಆ ಹೆಸರಿನವನ ಮುಖ ಹೋಗಿತ್ತು.

“ಬರ್ತಾರ. ನೀ ಊಟ ಮಾಡು” ಎಂದು ಹೇಳಿ ಅಡುಗೆಮನೆಗೆ ಹೋಗಿ ಅತ್ತೆ.

ಮೊನ್ನೆ ಸೊಪ್ಪಿನ ಅಜ್ಜಿ ಬುಟ್ಟಿ ಇಳಿಸುತ್ತಾ, “ಎಂಗವ್ಳೆ ನಿನ್ನ ಎಂಡ್ರು? ಗುಣ ಕಾಣ್ತಾ?” ಎಂದು ಕೇಳಿದಳು.

“ನನ್ನ ಹೆಸರು ಹೇಳಿದಳಜ್ಜಿ” ಎಂದೆ. ಸುಳ್ಳೇನಲ್ಲ.

“ನಾನ್ ಯೋಳ್ಲಿಲ್ವಾ?” ಎಂದು ಅಜ್ಜಿ ಹಿಗ್ಗಿದಳು.

ಈಗ ಬೆಳಿಗ್ಗೆ ನಾಲ್ಕು ಎಲೆ ಹೆಚ್ಚಿಗೆ ಕೀಳುತ್ತೇನೆ. ಶಾಂತವ್ವನ ಹೆಸರಾದ ಮೇಲೆ ನನ್ನ ಹೆಸರನ್ನೂ ಹೇಳುತ್ತೇನೆ. ಬಸವರಾಜ ಯಾರೆಂಬುದು ಮನೆಯಲ್ಲಿ ಒಬ್ಬರಿಗಾದರೂ ನೆನಪಿರಬೇಕಲ್ಲ.