ಬೆನೆಡಿಕ್ಟಾ ಅವರ ಶುಕ್ರವಾರದ ಸಾರು

ಬೆಳ್ಮಣ್‌ನ ಬೆನೆಡಿಕ್ಟಾ ಮದುವೆಮನೆಗಳಲ್ಲಿ ಅಡುಗೆ ಮಾಡಿ ಬದುಕಿದವರು. ಇಡ್ಲಿಯಂಥ ಸಾನ್ನಾದ ಹಿಟ್ಟು ಉಬ್ಬಲು ಶೀನ ಎಂಬ ಮೂರ್ತೆದಾರ ತಾನು ಮರದಿಂದ ಇಳಿಸಿದ ಶೇಂದಿ ತಂದುಕೊಡುತ್ತಿದ್ದ. ಅದನ್ನು ಸೋಸಿದರೆ ತಳದಲ್ಲಿ ಬಿಳಿ ಮಡ್ಡಿ ಉಳಿಯುತ್ತಿತ್ತು. ಬೇರೆ ಅಡುಗೆಯವರು ಚೆಲ್ಲುತ್ತಿದ್ದ ಆ ಮಡ್ಡಿಗೆ ಬೆನೆಡಿಕ್ಟಾ ಉಪ್ಪು ಬೆರೆಸಿ, ಒಂದು ದಿನ ಬಿಸಿಬೂದಿಯ ಮೇಲಿಟ್ಟು, ಆಮೇಲೆ ಲೇಹ್ಯದಂತೆ ಕಪ್ಪಾಗುವವರೆಗೆ ಕುದಿಸುತ್ತಿದ್ದರು. ಒಂದು ಚಮಚ ಬಿದ್ದರೆ ಸಪ್ಪೆ ಸಾರೂ ಬಾಯಿತುಂಬ ರುಚಿಯಾಗುತ್ತಿತ್ತು.

1979ರಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ, ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನಲ್ಲಿ ಗಂಜಿ, ಬೆನೆಡಿಕ್ಟಾ ಆ ಲೇಹ್ಯ ಹಾಕಿ ಮಾಡಿದ ಕಡಲೆ ಸಾರು. ಆ ಶುಕ್ರವಾರಗಳಲ್ಲಿ ಮಾಂಸ ನಿಷಿದ್ಧ. ಚರ್ಚಿನ ವಾರ್ಡಿಗೆ ಹಿರಿಯರಾದ ಗುರಿಕಾರ ರೊಸಾರಿಯೊ ಎರಡನೇ ತುತ್ತಿಗೇ ಬಟ್ಟಲು ಬದಿಗಿಟ್ಟರು.

“ಬೆನೆಡಿಕ್ಟಾ ಬಾಯಿ, ಇದರಲ್ಲಿ ಎಲುಬು ಉಂಟು.”

“ಎಂತ ಮಾರಾಯ್ರೆ, ಕಡಲೆಗೆ ಎಲುಬು ಉಂಟಾ?” ಎಂದರು ಬೆನೆಡಿಕ್ಟಾ.

“ನಗಬೇಡಿ. ಎಲುಬಿನ ಸಾರು ನನಗೆ ಗೊತ್ತಿಲ್ವಾ? ಇಡೀ ವಾರ್ಡಿನ ವ್ರತ ಕೆಡಿಸಿದಿರಿ.”

ಭಾನುವಾರದೊಳಗೆ ಎರಡು ಮದುವೆಮನೆಗಳಿಂದ ಬೇರೆ ಅಡುಗೆಯವರು ಸಿಕ್ಕಿದ್ದಾರೆಂಬ ಸುದ್ದಿ ಬಂತು. ಈ ಅಪವಾದ ಉಳಿದುಬಿಟ್ಟರೆ ಬೆನೆಡಿಕ್ಟಾ ಅವರನ್ನು ಯಾವ ಕ್ರೈಸ್ತ ಮನೆಯೂ ಕರೆಯುವಂತಿರಲಿಲ್ಲ.

ವಿಚಾರ ಪಾದ್ರಿಯವರ ಬಳಿ ಹೋಯಿತು; ಬೆನೆಡಿಕ್ಟಾ ಅವರಿಗೆ ಮಡ್ಡಿಯ ವಿಷಯ ಹೇಳಿದರು. ಪಾದ್ರಿ, ಮಣಿಪಾಲದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಗ್ಲ್ಯಾಡಿಸ್‌ರನ್ನು ಕೇಳಿದರು. ಶೇಂದಿಯ ಮಡ್ಡಿಯೆಂದರೆ ಯೀಸ್ಟ್. ಅದು ಸತ್ತು ಕರಗುವಾಗ ಗ್ಲುಟಮೇಟ್ ಎಂಬ ರುಚಿಯ ಅಂಶ ಹೊರಬರುತ್ತದೆ. ಮಾಂಸದ ಸಾರಿನಲ್ಲಿ ನಾಲಗೆ ಗುರುತಿಸುವುದೂ ಬಹುಮಟ್ಟಿಗೆ ಅದನ್ನೇ, ಎಂದರು ಗ್ಲ್ಯಾಡಿಸ್.

“ಕಾಲೇಜಿನ ಮಾತು ಬೇಡ. ನನ್ನೆದುರು ಮಾಡಲಿ,” ಎಂದರು ರೊಸಾರಿಯೊ.

ಬೆನೆಡಿಕ್ಟಾ ಮಾಡಿದರು. ರೊಸಾರಿಯೊ ಕುರ್ಚಿ ಹಾಕಿಕೊಂಡು ಒಲೆಯ ಪಕ್ಕದಲ್ಲೇ ಕುಳಿತರು, ಕೊನೆಗೆ ರುಚಿ ನೋಡಿದರು.

“ಮಾಂಸ ಇಲ್ಲ, ಒಪ್ಪಿದೆ. ಆದರೆ ನಾಲಗೆಗೆ ಉಪವಾಸವೂ ಇಲ್ಲವಲ್ಲ ಬಾಯಿ?”

ನಿಯಮ ಇರುವುದು ಮಾಂಸಕ್ಕೆ, ರುಚಿಗಲ್ಲ ಎಂದು ಪಾದ್ರಿ ಭಾನುವಾರದ ಪೂಜೆಯಲ್ಲಿ ಸಾರಿದರು. ಮದುವೆಮನೆಗಳು ಮರಳಿ ಬಂದವು. ಆದರೂ ರೊಸಾರಿಯೊ ಮಾತು ಬೆನೆಡಿಕ್ಟಾ ಮನಸ್ಸಿನಲ್ಲಿ ಉಳಿಯಿತು. ತಪಸ್ಸುಕಾಲದ ಯಾವ ಅಡುಗೆಗೂ ಅವರು ಮತ್ತೆ ಆ ಕಪ್ಪು ಲೇಹ್ಯ ಹಾಕಲಿಲ್ಲ.

1984ರಲ್ಲಿ ರೊಸಾರಿಯೊ ತಾಯಿ ತೀರಿ ವರ್ಷ ತುಂಬಿದ ಊಟ ತಪಸ್ಸುಕಾಲದ ಅಂಥದೇ ಶುಕ್ರವಾರ ಬಿತ್ತು. ಅಡುಗೆಗೆ ಹೇಳಲು ಅವರೇ ಬಂದರು.

“ಸಾರಿಗೆ ಸ್ವಲ್ಪ ಆ ಕಪ್ಪು ಹಾಕಿ ಬಾಯಿ. ಫಾದರೇ ಆಗ್ತದೆ ಅಂದಿದ್ದಾರೆ, ಅಲ್ವಾ?”

“ಫಾದರ್ ಅಂದಿದ್ದಾರೆ. ನೀವು ಅಂದದ್ದು ಬೇರೆ.”

ಸಾರು ಸಪ್ಪೆಯಾಗಿತ್ತು. ರೊಸಾರಿಯೊ ಉಪ್ಪಿನಕಾಯಿ ಮತ್ತೊಮ್ಮೆ ಹಾಕಿಸಿಕೊಂಡು ಉಂಡರು.