ಕರಿಹುಣ್ಣಿನ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಕನ್ನಡಕಕ್ಕೆ ಎಡಗಡೆಯ ಕಡ್ಡಿ ಇರಲಿಲ್ಲ. ಆ ಜಾಗದಲ್ಲಿ ಬ್ಯಾಂಡೇಜು ಬಟ್ಟೆ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದರು. ಸೇಲಂಗೆ ಹೋದಾಗ ಸರಿ ಮಾಡಿಸುತ್ತೇನೆ ಎನ್ನುವರು. ಪ್ರತಿ ಶನಿವಾರ ಸೇಲಂಗೆ ಹೋಗುವರು, ಹಾಗೇ ತಿರುಗಿ ಬರುವರು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಲ್ಲಂಪಳ್ಳಿ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ನಾನು ಹೊಸ ನರ್ಸು. ಡಾಕ್ಟ್ರಮ್ಮ ತಮಿಳರು, ಸುತ್ತಲಿನ ಕುರಿಹಟ್ಟಿಗಳಲ್ಲೆಲ್ಲ ನಮ್ಮ ಕನ್ನಡ. ಅವರು ಕಲಿತಿದ್ದ ಕನ್ನಡ ಒಂದೇ ಮಾತು: "ನೋವೈತಾ?" ಉಳಿದದ್ದಕ್ಕೆ ನಾನು ಬೇಕಿತ್ತು.

ಒಂದು ದಿನ ನನ್ನ ದೊಡ್ಡ ಸೋದರಮಾವನನ್ನು ಆಸ್ಪತ್ರೆಗೆ ಎಳೆದುಕೊಂಡು ಬಂದೆ. ಮುಂಗೈ ಮೇಲೆ ಇದ್ದಿಲಿನಂಥ ಕರಿಹುಣ್ಣು, ಸುತ್ತ ಊತ.

"ನೋವೈತಾ?"

"ನೋವೇ ಇಲ್ಲ ಕಣಮ್ಮ. ಸತ್ತ ಕುರಿ ತೊಗಲು ಸುಲಿದೆ, ಅಷ್ಟೇಯ. ಇವ್ಳು ಸುಮ್ಕೆ ಎದರ್ಕೊಂಡವ್ಳೆ."

ಡಾಕ್ಟ್ರಮ್ಮ ನೆಟ್ಟಗೆ ಕೂತರು. "ನೋಯುವ ಹುಣ್ಣಿಗೆ ನಾನು ಹೆದರೋದಿಲ್ಲಮ್ಮ. ನೋವಿಲ್ಲದ್ದಕ್ಕೇ ಹೆದರಿಕೆ" ಎಂದು ನನಗೆ ತಮಿಳಿನಲ್ಲಿ ಹೇಳಿ ಪೆನ್ಸಿಲಿನ್ ತೆಗೆದರು. ಕುರಿಗಳಿಗೆ ಬರುವ ಆ ರೋಗವನ್ನು ನಮ್ಮವರು ಅಡಪ್ಪಾನ್ ಅನ್ನುತ್ತಿದ್ದರು. ಡಾಕ್ಟರುಗಳ ಬಾಯಲ್ಲಿ ಅದು ಆಂಥ್ರಾಕ್ಸ್. ದೊಡ್ಡ ಮಾವ ಉಳಿದ. ಅದೇ ಕುರಿಯನ್ನು ಜೊತೆಗೆ ಸುಲಿದಿದ್ದ ಚಿಕ್ಕ ಮಾವ, ತನಗೂ ಎದ್ದಿದ್ದ ಹುಣ್ಣು ನೋಯುತ್ತಿಲ್ಲವೆಂದು ಆಸ್ಪತ್ರೆಗೆ ಬರಲೊಪ್ಪಲಿಲ್ಲ. ಅವನು ಉಳಿಯಲಿಲ್ಲ.

ಆಮೇಲೆ ನಾವಿಬ್ಬರೂ ಹಟ್ಟಿಯಿಂದ ಹಟ್ಟಿಗೆ ತಿರುಗಿದೆವು. ಸತ್ತ ಕುರಿಯನ್ನು ಸುಲಿಯದೆ ಸುಣ್ಣ ಹಾಕಿ ಹೂಳಿ ಎಂದರೆ ಜನ ಮೊದಮೊದಲು ಬೈದರು, ನಿಧಾನಕ್ಕೆ ಕೇಳಿದರು. ಡಾಕ್ಟ್ರಮ್ಮ ಕಂಡದ್ದನ್ನೆಲ್ಲ ಬರೆಯುತ್ತ ಹೋದರು. "ಇಲ್ಲಿ ಕಲಿತದ್ದು ಇಲ್ಲೇ ಉಳಿದರೆ ಮುಂದೆ ಬರುವ ಡಾಕ್ಟರು ಮೊದಲಿಂದ ಕಲೀಬೇಕು. ಅಷ್ಟರೊಳಗೆ ಯಾರೋ ಒಬ್ಬರು ಹೋಗಿರ್ತಾರೆ" ಎನ್ನುವರು.

ಬರೆದದ್ದೆಲ್ಲ ಡಾಕ್ಟರುಗಳ ಪತ್ರಿಕೆಗೆಂದು ಒಂದು ಲೇಖನವಾಯಿತು. ಅದರ ತಲೆಯಲ್ಲಿ ಅವರ ಹೆಸರು, ಪಕ್ಕದಲ್ಲಿ ನನ್ನದು. ಮದ್ರಾಸಿನ ದೊಡ್ಡ ಪ್ರೊಫೆಸರೊಬ್ಬರು ಓದಿ, ನರ್ಸಿನ ಹೆಸರು ತೆಗೆದು ತಮ್ಮದು ಹಾಕಿದರೆ ಒಳ್ಳೆಯ ಪತ್ರಿಕೆಯಲ್ಲಿ ಬೇಗ ಅಚ್ಚು ಮಾಡಿಸುತ್ತೇನೆ ಎಂದರಂತೆ.

"ತೆಗೆದುಬಿಡಿ ಡಾಕ್ಟ್ರಮ್ಮ, ನನಗ್ಯಾಕೆ ಹೆಸರು?" ಎಂದೆ.

"ಬಿಸಿಲಲ್ಲಿ ಹಟ್ಟಿ ತಿರುಗಿದ್ದು ಅವರಾ, ನೀನಾ?" ಎಂದರು. ನನ್ನ ಹೆಸರು ಹಾಗೇ ಉಳಿಯಿತು.

ಲೇಖನ ಹೋದಲ್ಲಿಂದೆಲ್ಲ ವಾಪಸು ಬಂತು. ಕೊನೆಗೆ ಯಾರೂ ಹೆಸರೇ ಕೇಳಿರದ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದಿನಿಂದ ಡಾಕ್ಟ್ರಮ್ಮ ಮದ್ರಾಸಿಗೆ ಹೋದಾಗಲೆಲ್ಲ ಲೈಬ್ರರಿಯಲ್ಲಿ ಕೂತು, ಬೇರೆಯವರು ಬರೆದದ್ದರ ಕೊನೆಯಲ್ಲಿ ನಮ್ಮ ಲೇಖನದ ಉಲ್ಲೇಖ ಇದೆಯೇ ಎಂದು ಹುಡುಕುವರು. ಬಂದ ಮೇಲೆ "ಇಲ್ಲ" ಎಂದು ಯಾವತ್ತೂ ಹೇಳಲಿಲ್ಲ. "ಇನ್ನೂ ಇಲ್ಲ" ಎನ್ನುವರು.

ಅವರು ನಿವೃತ್ತರಾಗಿ ಸೇಲಂ ಸೇರಿದರು. ಅವರ ಜಾಗಕ್ಕೆ ಆಗತಾನೇ ಓದು ಮುಗಿಸಿದ ಡಾಕ್ಟರು ಬಂದ. ಒಂದು ಬೆಳಿಗ್ಗೆ ಕುರಿ ಕಾಯುವವರ ಹುಡುಗಿಯೊಬ್ಬಳನ್ನು ಕರೆತಂದರು. ರೆಪ್ಪೆ ಊದಿ ಕಣ್ಣು ಮುಚ್ಚಿತ್ತು, ಮೇಲೊಂದು ಕರಿ ಚುಕ್ಕೆ. ನಾನು ಬಾಯಿ ತೆರೆಯುವ ಮೊದಲೇ ಆತ ಪೆನ್ಸಿಲಿನ್ ಕೇಳಿದ.

"ನಿಮಗೆ ಹೇಗೆ ಗೊತ್ತಾಯ್ತು ಸಾರ್?"

"ನೋವಿಲ್ಲ ಅಂದಳಲ್ಲ. ನಮ್ಮ ಪಾಠದ ಪುಸ್ತಕದಲ್ಲೇ ಇದೆ" ಎಂದು ತೆರೆದು ತೋರಿಸಿದ. ಅಧ್ಯಾಯದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮ ಲೇಖನ, ನಮ್ಮಿಬ್ಬರ ಹೆಸರು.

ಹುಡುಗಿ ಚೇತರಿಸಿಕೊಂಡ ವಾರ ಆ ಪುಸ್ತಕ ಕೇಳಿ ತೆಗೆದುಕೊಂಡು ಸೇಲಂ ಬಸ್ಸು ಹತ್ತಿದೆ. ಡಾಕ್ಟ್ರಮ್ಮ ಹಾಸಿಗೆ ಹಿಡಿದಿದ್ದರು, ಕಣ್ಣು ಮಂಜಾಗಿತ್ತು. ನಡೆದದ್ದೆಲ್ಲ ಹೇಳಿದೆ.

"ಆ ಹುಡುಗಿ?"

"ಕಣ್ಣು ಉಳೀತು. ಆಡಿಕೊಂಡಿದ್ದಾಳೆ."

"ಸರಿ, ಈಗ ಓದು" ಎಂದರು. ಓದಿದೆ. "ಇನ್ನೊಂದು ಸಲ" ಎಂದರು. ಮತ್ತೆ ಓದಿದೆ.

"ನಿನ್ನ ಹೆಸರು ಸರಿಯಾಗಿ ಹಾಕಿದ್ದಾರಾ?"

"ಒಂದಕ್ಷರ ತಪ್ಪಿದೆ. ಪರವಾಗಿಲ್ಲ ಬಿಡಿ."

"ಅದ್ಹೇಗೆ ಪರವಾಗಿಲ್ಲ? ಕಾಗದ ತಗೋ" ಎಂದು ಎದ್ದು ಕೂತು, ಪುಸ್ತಕದವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿ ಬರೆಸಿದರು.

ಮುಂದಿನ ಮುದ್ರಣದಲ್ಲಿ ನನ್ನ ಹೆಸರು ಸರಿಯಾಗಿ ಬಂತು. ಅದನ್ನು ಓದಿ ಹೇಳೋಣವೆಂದರೆ ಅವರಿರಲಿಲ್ಲ.