ಅತ್ತೆ ಆರಿಸಿದ ಕೀಬೋರ್ಡು

ಅತ್ತೆಯ ಬಲಗೈಗೆ ಮೊಣಕೈವರೆಗೂ ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ವ್ಯಾಪಾರ ಮುಗಿಸಿ ಕೋಟೇಶ್ವರದಿಂದ ಮಧ್ಯಾಹ್ನದ ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ಒಣಗಿ, ಕಿಟಕಿಯ ಬಿಸಿಲಿಗೆ ಅಭ್ರಕದ ಚೂರಿನಂತೆ ಹೊಳೆಯುತ್ತಿತ್ತು. ಮನೆಗೆ ಬಂದವಳೇ ಬಾವಿಕಟ್ಟೆಯಲ್ಲಿ ಕೂತು ಹುಣಸೆಹುಳಿ ಹಚ್ಚಿ ಕೈ ತಿಕ್ಕುತ್ತಿದ್ದಳು. ತಿಕ್ಕುತ್ತ ತಿಕ್ಕುತ್ತ ಹಾಡುತ್ತಿದ್ದಳು. ನಾನು ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ನನಗಾಗಿ ಒಂದು ಸಾಲು ಕಾದಿರುತ್ತಿತ್ತು. ಅವಳು ಒಂದು ಸಾಲು ಹಾಡಿದರೆ ಹಿಂದೆಯೇ ನಾನು ಅದನ್ನು ಹೇಳಬೇಕು. ಹಾಗೆ ಆರೇಳು ವರ್ಷಗಳಲ್ಲಿ, ಪುಸ್ತಕವಿಲ್ಲದೆ, ಅವಳಿಗೆ ಬರುತ್ತಿದ್ದ ಶೋಭಾನೆ ಹಾಡುಗಳೆಲ್ಲ ನನಗೂ ಬಂದವು.

ಅವಳು ಅಪ್ಪನ ಅಕ್ಕ. ಗಂಡ ದೋಣಿಯಿಂದ ಬಾರದೆ ಹೋದ ಮೇಲೆ ಮರವಂತೆಯ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು. ಬೆಳಿಗ್ಗೆ ಗಂಗೊಳ್ಳಿಗೆ ಹೋಗಿ ಮೀನು ತಂದು, ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು. ಯಾವ ವಸ್ತುವನ್ನೂ ಸುಲಭಕ್ಕೆ ಕೊಳ್ಳುವವಳಲ್ಲ. ಒಂದು ಕೊಡೆ ತರಲು ಹೋದರೂ ಅರ್ಧ ದಿನ. ಅಂಗಡಿಯವರು ಎಷ್ಟೇ ಹೊಗಳಲಿ, ಕೊನೆಗೆ ಅವಳು ಕೇಳುತ್ತಿದ್ದುದು ಒಂದೇ ಮಾತು: "ನಿಮ್ಮನಿಗಾರೆ ಯಾವ್ದ್ ತಕಂತ್ರಿ?" ಸ್ವಂತ ಮನೆಗಾದರೆ ಯಾವುದನ್ನು ಒಯ್ಯುತ್ತೀರಿ ಎಂಬುದಕ್ಕೆ ಉತ್ತರ ತಡವಾದರೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಮೆಚ್ಚಿದಳೆಂದರೆ "ಅಡ್ಡಿಲ್ಲೆ" ಅನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಬಾಯಲ್ಲಿ ನಾನು ಕೇಳಿಲ್ಲ.

ಮದುವೆಮನೆಗಳಿಗೆ ಅವಳಿಗೆ ಕರೆ ಬರುತ್ತಿತ್ತು. ಜೊತೆಗೆ ನಾನೂ ಹೋಗುತ್ತಿದ್ದೆ. ಅರಿಶಿನದ ಹೊತ್ತಿಗೆ ಅವಳು ಸಾಲು ಎತ್ತಿದರೆ ನಾನು ಹಿಂದೆ ಹೇಳುತ್ತಿದ್ದೆ. ನನ್ನ ಸ್ವರ ಚೆನ್ನಾಗಿತ್ತು. ಈಗ ಇದನ್ನು ಸಂಕೋಚವಿಲ್ಲದೆ ಬರೆಯಬಹುದು, ಏಕೆಂದರೆ ಆ ಸ್ವರ ಈಗ ಇಲ್ಲ.

ಇಪ್ಪತ್ತೈದರ ಆಸುಪಾಸಿನಲ್ಲಿ ನನ್ನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕಿತ್ತು. ಸ್ವರ ಹೋಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು, ಹೇಳಿದ ಹಾಗೇ ಆಯಿತು. ಜೀವ ಉಳಿಯಿತು. ಮಾತಿಗೆ ಒಂದು ಒಡಕು ಪಿಸುದನಿ ಉಳಿಯಿತು. ಹಾಡಲು ಬಾಯಿ ತೆರೆದರೆ ಬರಿ ಗಾಳಿ.

ಆಗ ನಾನು ಕುಂದಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪು ಮಾಡುವ ಕೆಲಸದಲ್ಲಿದ್ದೆ. ಕಾಗದ ಮಾಡಿಸಿಕೊಂಡವರು ಮದುವೆಗೆ ಕರೆದರೆ ಹೋಗುತ್ತಿರಲಿಲ್ಲ. ಅತ್ತೆಯೂ ಹೋಗುವುದನ್ನು ಬಿಟ್ಟಳು. ಮೊದಲು ಕಾಲುನೋವು ಅಂದಳು, ಆಮೇಲೆ ವ್ಯಾಪಾರ ಅಂದಳು. ಬಾವಿಕಟ್ಟೆಯಲ್ಲಿ ಕೈ ತಿಕ್ಕುವಾಗಲೂ ಸುಮ್ಮನಿರುತ್ತಿದ್ದಳು. ಒಂದು ದಿನ ಪಕ್ಕದ ಮನೆಯಾಕೆ ಮಗಳ ಮದುವೆಗೆ ಬಂದು ಹಾಡು ಎಂದು ಕೈ ಹಿಡಿದು ಕೇಳಿದಾಗ ನಿಜ ಹೊರಬಿತ್ತು. "ಹಿಂದ್ ಹೇಳುಕೆ ಜನ ಇಲ್ದೆ ಎಂತ ಹಾಡುದ್?" ಅಂದಳು. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಅದು ಕೇಳಿಸಿತು. ನನ್ನ ಸ್ವರದ ಜೊತೆ ಅವಳ ಸ್ವರವೂ ಹೋಯಿತಲ್ಲ ಎಂದು ಅಂದು ಅತ್ತುಬಿಟ್ಟೆ.

ಅದೇ ವರ್ಷ ಅಂಗಡಿಯ ಧಣಿಗಳು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನನಗೆ ಕೊಟ್ಟರು. ಮೈಕ್‌ಸೆಟ್ಟಿನವರೊಬ್ಬರು ಕರಪತ್ರ ಮಾಡಿಸಲು ಬಂದವರು ಮಾತಿನ ನಡುವೆ, ಕಂಪ್ಯೂಟರಿಗೆ ಮಿಡಿ ಕೀಬೋರ್ಡು ಅಂತ ಒಂದನ್ನು ಸಿಕ್ಕಿಸಿದರೆ ಮನೆಯಲ್ಲೇ ಕೂತು ಕೊಳಲು, ವೀಣೆ, ತಬಲ ಎಲ್ಲ ನುಡಿಸಬಹುದು, ರೆಕಾರ್ಡೂ ಮಾಡಬಹುದು ಎಂದರು. ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಕಲಿತಿದ್ದ ನನಗೆ ಒಳಗೊಳಗೇ ಆಸೆ ಹುಟ್ಟಿತು. ಊಟಕ್ಕೆ ಕೂತಾಗ ಸುಮ್ಮನೆ ಸುದ್ದಿ ಹೇಳುವಂತೆ ಹೇಳಿ, ಅದೆಲ್ಲ ನಮಗಲ್ಲ ಎಂದೂ ಸೇರಿಸಿದೆ. ಅಮ್ಮ ಹೌದು ಅಂದಳು. ಅತ್ತೆ ಮಾತ್ರ ತುತ್ತು ಕೈಯಲ್ಲೇ ಹಿಡಿದು, ಅದು ಎಲ್ಲಿ ಸಿಕ್ಕುತ್ತದೆ ಎಂದು ಕೇಳಿದಳು.

ಮಳೆಗಾಲಕ್ಕೆ ಬೋಟುಗಳು ದಡ ಸೇರಿ, ಮೀನಿಲ್ಲದೆ ಅವಳಿಗೆ ಬಿಡುವಾದ ಮೊದಲ ವಾರವೇ ಹೊರಟೆವು. ನಾನು ಬೇಡವೆಂದರೂ ಕೇಳಲಿಲ್ಲ. ಬಲೆಯ ನೂಲಿನಲ್ಲಿ ಕಂಪ್ಯೂಟರ್ ಮೇಜಿನ ಉದ್ದ ಅಳೆದು, ಎರಡೂ ತುದಿಗೆ ಗಂಟು ಹಾಕಿ, ಸೆರಗಿಗೆ ಕಟ್ಟಿಕೊಂಡಿದ್ದಳು.

ಮೊದಲು ಕುಂದಾಪುರದ ಒಂದು ಅಂಗಡಿ. ಅಲ್ಲಿದ್ದುದು ದೊಡ್ಡ ಕೀಬೋರ್ಡು, ಅರವತ್ತೊಂದು ಕೀ. ಒಂದು ಗುಂಡಿ ಒತ್ತಿದರೆ ತಾಳ ತಾನಾಗಿ ಬರುತ್ತಿತ್ತು, ಕೆಂಪು ಹಸಿರು ದೀಪ ಮಿಣುಕುತ್ತಿದ್ದವು. ನಾನು ಮರುಳಾದೆ. ಅತ್ತೆ ನೂಲು ಬಿಚ್ಚಿ ಹಿಡಿದಳು. ಕೀಬೋರ್ಡು ನಮ್ಮ ಮೇಜಿನಿಂದ ಒಂದು ಗೇಣು ಆಚೆ ಚಾಚುತ್ತಿತ್ತು. ಆಮೇಲೆ ತನ್ನ ಪ್ರಶ್ನೆ ಕೇಳಿದಳು. ಎಲ್ಲರೂ ಇದನ್ನೇ ಒಯ್ಯುವುದು ಎಂದರು ಅಂಗಡಿಯವರು. ಅದು ಅವಳ ಪ್ರಶ್ನೆಗೆ ಉತ್ತರವಲ್ಲ. ಹೊರಗೆ ಬಂದು ಬ್ರಹ್ಮಾವರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಇದ್ದೆ.

ಬ್ರಹ್ಮಾವರದ ಅಂಗಡಿ ಮಹಡಿಯ ಮೇಲೆ. ನಡೆಸುತ್ತಿದ್ದವರು ಅರ್ಧ ನರೆತ ಗಡ್ಡದವರು. ಚರ್ಚಿನ ಹಾಡುಗಾರರ ಜೊತೆ ಕೀಬೋರ್ಡು ನುಡಿಸಿ ಅಭ್ಯಾಸವಿದ್ದವರು. ಅತ್ತೆ ಮೆಟ್ಟಿಲಿನಿಂದಲೇ ಕರೆದಳು. "ಹ್ವಾಯ್, ಈ ಹೆಣ್ಣಿಗೆ ಹಾಡ್ ಮಾಡುಕೆ ಒಂದ್ ಬೇಕಿತ್ತ್. ಕಂಪ್ಯೂಟರ್ ಮನಿಯಗೆ ಇತ್ತ್."

ಅವರು ನಮ್ಮನ್ನು ಕೂರಿಸಿದರು. ಏನು ನುಡಿಸುತ್ತೀರಿ, ಕಂಪ್ಯೂಟರ್ ಎಷ್ಟು ಹಳೆಯದು, ಜಾಗ ಎಷ್ಟಿದೆ ಎಂದು ಕೇಳಿದ ಮೇಲೆಯೇ ಮೂರು ಕೀಬೋರ್ಡು ಇಳಿಸಿದರು. ಇವುಗಳಿಗೆ ಸ್ವಂತ ದನಿಯಿಲ್ಲ, ಯಾವ ಕೀಯನ್ನು ಎಷ್ಟು ಜೋರಾಗಿ, ಎಷ್ಟು ಹೊತ್ತು ಒತ್ತಿದಿರಿ ಎಂದು ಕಂಪ್ಯೂಟರಿಗೆ ತಿಳಿಸುವುದಷ್ಟೇ ಇವುಗಳ ಕೆಲಸ, ದನಿ ಬರುವುದು ಕಂಪ್ಯೂಟರಿನಿಂದ, ಅದಕ್ಕೇ ಬೆಲೆ ಕಡಿಮೆ ಎಂದು ವಿವರಿಸಿದರು.

ಅತ್ತೆ ನನ್ನ ಕಡೆ ಒಮ್ಮೆ ನೋಡಿ ಅವರನ್ನು ಕೇಳಿದಳು. "ಸ್ವರ ಇಲ್ದಿರೂ ಆತ್ತಾ?"

"ಬೆರಳಿದ್ರೆ ಸಾಕಮ್ಮ," ಅಂದರು ಅವರು. ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಮೊದಲನೆಯದು ಇಪ್ಪತ್ತೈದು ಕೀಯ ಪುಟ್ಟದು, ಎಲ್ಲಕ್ಕಿಂತ ಅಗ್ಗ. ಆದರೆ ಅದರಲ್ಲಿ ಮಾತ್ರ ಹಗುರ ಒತ್ತಿದರೂ ಜೋರಾಗಿ ಒತ್ತಿದರೂ ಬರುವುದು ಒಂದೇ ದನಿಯಂತೆ. ಎರಡೂ ಕೈ ಇಡಲು ಜಾಗವೂ ಇರಲಿಲ್ಲ. ಮೆಲ್ಲ ಹೇಳಲು ಬಾರದ್ದು ಎಂತಕ್ಕೆ ಎಂದು ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದರ ತುಂಬ ಗುಂಡಿಗಳಿದ್ದವು. ಅವು ಯಾವುದಕ್ಕೆ ಎಂದರೆ, ಮುಂದೆ ಬೇಕಾದರೆ ಬೇಕು, ಈಗಲೇ ಬೇಡ ಎಂದು ಅಂಗಡಿಯವರೇ ಹೇಳಿದರು. ಉಳಿದದ್ದು ನಲವತ್ತೊಂಬತ್ತು ಕೀಯದು. ಕರೆಂಟು ಬೇರೆ ಬೇಡ, ಕಂಪ್ಯೂಟರಿನ ತಂತಿಯಿಂದಲೇ ಸಾಕು. ಎಡಗಡೆ ಒಂದು ಚಕ್ರವಿತ್ತು. ಅತ್ತೆ ನೂಲು ಹಿಡಿದಳು. ಮೇಜಿಗೆ ಹಿಡಿಸುತ್ತಿತ್ತು. ಪ್ರಶ್ನೆ ಕೇಳಿದಳು.

"ನಮ್ಮನಿಗಾರೆ ಇದೇ," ಅಂದರು ಅವರು, ಒಂದು ಕ್ಷಣವೂ ತಡೆಯದೆ.

ಅಲ್ಲಿಗೂ ಮುಗಿಯಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎಡದಿಂದ ಒಂದೊಂದೇ ಕೀ ಒತ್ತಲು ತೊಡಗಿದಳು. ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ಅವಳು ಬಂಗುಡೆಯ ಮೈ ಒತ್ತಿ ನೋಡುವುದು ಹೀಗೆಯೇ. ಒತ್ತಿದ ಗುಳಿ ತಕ್ಷಣ ಮೇಲೆದ್ದರೆ ತಾಜಾ. ನಲವತ್ತೊಂಬತ್ತನ್ನೂ ಒತ್ತಿದಳು. ಬೇರೆ ಗಿರಾಕಿಗಳು ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಎಲ್ಲಿ ಹೋಗಲಿ ಎನ್ನಿಸಿತ್ತು. ಬಲತುದಿಯ ಹತ್ತಿರ ಒಂದು ಕಪ್ಪು ಕೀಯ ಮೇಲೆ ಅವಳ ಬೆರಳು ನಿಂತಿತು. "ಇದ್ ಏಳುಕೆ ತಡ ಮಾಡ್ತ್," ಅಂದಳು. ಅಂಗಡಿಯವರು ತಾವೂ ಎರಡು ಸಲ ಒತ್ತಿ ನೋಡಿ, ಒಳಗಿನಿಂದ ಇನ್ನೊಂದು ಪೆಟ್ಟಿಗೆ ತಂದರು. ಅದನ್ನೂ ಅವಳು ಪೂರಾ ಒತ್ತಿದಳು.

ಕೊನೆಗೆ ಒಂದು ಸಂಶಯ ಉಳಿದಿತ್ತು. ನಮ್ಮ ಹಾಡುಗಳಲ್ಲಿ ಸ್ವರ ಒಂದರಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಅದು ಇದರಲ್ಲಿ ಬರುತ್ತದೆಯೇ? ಅಂಗಡಿಯವರು ಕೀಬೋರ್ಡನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ಕೊಳಲಿನ ದನಿ ಹಾಕಿ, ಆ ಚಕ್ರ ತಿರುಗಿಸಿದರು. ಸ್ವರ ಜಾರಿತು. ನೀವು ಒಂದು ಹಾಡಿ ತೋರಿಸಿ ಎಂದು ಅತ್ತೆಗೆ ಹೇಳಿದರು.

ಒಂದೂವರೆ ವರ್ಷದಿಂದ ಹಾಡದವಳು ಆ ಮಹಡಿಯ ಮೇಲೆ, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ಹಸೆಗೆ ಕರೆಯುವ ಹಾಡಿನ ಮೊದಲ ಸಾಲು ಎತ್ತಿದಳು. ಮೊದಲು ಸ್ವರ ಒರಟಾಗಿತ್ತು, ಸಾಲು ಮುಗಿಯುವ ಹೊತ್ತಿಗೆ ತಿಳಿಯಾಯಿತು. ಮುಗಿಸಿ ಕಣ್ಣು ತೆರೆದು ನನ್ನನ್ನೇ ನೋಡಿದಳು. ಹಿಂದೆ ಹೇಳುವುದು ನಾನಲ್ಲವೇ? ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡೆ. ಶ್ರುತಿ ಹುಡುಕಿ ಅದೇ ಸಾಲನ್ನು ನುಡಿಸಿದೆ. ಎರಡು ಕಡೆ ತಪ್ಪಿತು. ಅವಳು ತಿದ್ದಲಿಲ್ಲ, ಹೊಗಳಲೂ ಇಲ್ಲ. ಸೀದಾ ಎರಡನೆಯ ಸಾಲಿಗೆ ಹೋದಳು. ಹೀಗೆ ಐದು ನುಡಿ ಮುಗಿಸಿದೆವು.

"ಅಡ್ಡಿಲ್ಲೆ," ಅಂದಳು ಅತ್ತೆ. ಕೀಬೋರ್ಡಿಗೆ ಅಂದಳೋ ನನಗೆ ಅಂದಳೋ ಗೊತ್ತಾಗಲಿಲ್ಲ. ಬೆಲೆ ನನ್ನ ಒಂದು ತಿಂಗಳ ಸಂಬಳದೊಳಗೇ ಇತ್ತು.

ಮನೆಯಲ್ಲಿ ಎಲ್ಲವೂ ಸಲೀಸಾಗಲಿಲ್ಲ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಕೀ ಒತ್ತಿದ ಮೇಲೆ ದನಿ ತಡೆದು ಬರುತ್ತಿತ್ತು. ನನಗೆ ಅದು ನನ್ನ ಕೈಯ ತಪ್ಪು ಎನ್ನಿಸಿ ವಾರವಿಡೀ ಒದ್ದಾಡಿದೆ. ಅತ್ತೆ ಹಿಂದೆ ಕೂತು ಕೇಳಿ, ನೀನು ಒತ್ತುವುದೊಂದು ಗಳಿಗೆ, ಅದು ಕೂಗುವುದೊಂದು ಗಳಿಗೆ, ನಿನ್ನ ತಪ್ಪಲ್ಲ, ಅವರಿಗೆ ಫೋನು ಮಾಡು ಎಂದಳು. ಬ್ರಹ್ಮಾವರದವರು ಫೋನಿನಲ್ಲೇ ಒಂದು ಪುಕ್ಕಟೆ ಸಾಫ್ಟ್‌ವೇರಿನ ಹೆಸರು ಹೇಳಿ, ಯಾವ ಸೆಟ್ಟಿಂಗ್ ಬದಲಿಸಬೇಕೆಂದು ತಿಳಿಸಿದರು. ತಡೆಯುವುದು ನಿಂತಿತು. ಅಂದಿನಿಂದ ಸಂಜೆಗೆ ಅತ್ತೆ ಸ್ನಾನ ಮಾಡಿ ಬಂದು ಮೇಜಿನ ಪಕ್ಕ ಮಣೆ ಹಾಕಿ ಕೂರುತ್ತಿದ್ದಳು. ಮೊಬೈಲಿನ ಇಯರ್‌ಫೋನಿನ ಮೈಕಿನಲ್ಲಿ ಅವಳ ಸಾಲು, ಕೀಬೋರ್ಡಿನಲ್ಲಿ ನನ್ನ ಸಾಲು, ಹಿನ್ನೆಲೆಗೆ ಕಂಪ್ಯೂಟರಿನದೇ ತಂಬೂರಿಯ ಶ್ರುತಿ. ಇಪ್ಪತ್ತಮೂರು ಹಾಡುಗಳನ್ನು ಹೀಗೆ ಕೂಡಿಸಿಟ್ಟೆವು.

ಮರುವರ್ಷ ಬೈಂದೂರಿನ ನೆಂಟರ ಮನೆಯ ಮದುವೆಗೆ ಕರೆ ಬಂತು. ಹೋಗೋಣ ಎಂದವಳು ಅತ್ತೆ. ಧಣಿಗಳು ಲ್ಯಾಪ್‌ಟಾಪು ಕೊಟ್ಟರು. ಮದುಮಗಳಿಗೆ ಅರಿಶಿನ ಹಚ್ಚುವಾಗ ಅತ್ತೆ ಸಾಲು ಎತ್ತಿದಳು, ನಾನು ಕೊಳಲಿನಲ್ಲಿ ಹಿಂದೆ ಹೇಳಿದೆ. ಹಿರಿಯ ಹೆಂಗಸೊಬ್ಬರು, ಶೋಭಾನೆಗೂ ಮಿಷನ್ ಬಂತಾ ಎಂದು ಎಲ್ಲರಿಗೂ ಕೇಳಿಸುವಂತೆ ಅಂದರು. ನನ್ನ ಬೆರಳು ಅಲ್ಲೇ ನಿಂತವು. ಅತ್ತೆ ಹಾಡು ನಿಲ್ಲಿಸಿ ಅವರ ಕಡೆ ತಿರುಗಿದಳು.

"ಮಿಷನ್ ಅಲ್ಲ. ನಮ್ ಹೆಣ್ ಹೇಳುದ್ ಅದ್. ಕೆಮಿ ಕೊಟ್ ಕೇಣಿ."

ಅವರು ಕಿವಿಗೊಟ್ಟು ಕೇಳಲೆಂದೇ ಮತ್ತೆ ಅದೇ ಸಾಲನ್ನು ಮೊದಲಿನಿಂದ ಎತ್ತಿದಳು. ನಾನು ಹೇಳಿದೆ. ಅಂದು ಮನೆಗೆ ಬಂದ ಮೇಲೆ, ಆಪರೇಷನ್ ಆದ ನಂತರ ಮೊದಲ ಸಲ, ನನಗೆ ಮುಂದಿನ ದಿನಗಳ ಬಗ್ಗೆ ಯೋಚಿಸಬೇಕೆನ್ನಿಸಿತು. ಆಮೇಲೆ ಅಂಗನವಾಡಿಯ ಮಕ್ಕಳಿಗೆ ಪದ್ಯಗಳ ರಾಗ ಕೂಡಿಸಿಕೊಟ್ಟೆ. ಸಾಲಿಗ್ರಾಮದ ಒಂದು ನಾಟಕಕ್ಕೆ ಸಂಗೀತ ಮಾಡಿದೆ. ಈಗ ನಮ್ಮ ಜಗಲಿಯಲ್ಲಿ ಆರು ಹೆಣ್ಣುಮಕ್ಕಳು ಕಲಿಯುತ್ತಾರೆ. ಮೊದಲ ಕೀಬೋರ್ಡು ಯಾವುದು ಕೊಳ್ಳಲಿ ಎಂದು ಅವರ ಅಪ್ಪ ಅಮ್ಮ ಕೇಳಿದರೆ, ನಾನೇ ಅವರ ಜೊತೆ ಬಸ್ಸು ಹತ್ತುತ್ತೇನೆ.

ಅತ್ತೆ ಹೋದದ್ದು ಒಂದು ಬೆಳಿಗ್ಗೆ, ಗಂಗೊಳ್ಳಿಗೆ ಹೊರಡುವ ಹೊತ್ತಿಗೆ. ಎದೆ ಒತ್ತುತ್ತದೆ ಎಂದು ಕೂತವಳು ಏಳಲಿಲ್ಲ. ಅವಳ ಹಾಡುಗಳನ್ನು ತೆರೆದು ಕೇಳಲು ನನಗೆ ವರ್ಷವಾದರೂ ಧೈರ್ಯ ಬರಲಿಲ್ಲ.

ಅದರ ಮುಂದಿನ ವರ್ಷ ತಮ್ಮನ ಮದುವೆ. ಹಾಡಲು ಯಾರೂ ಇರಲಿಲ್ಲ. ಅತ್ತೆಯ ರೆಕಾರ್ಡನ್ನೇ ಹಾಕು ಎಂದರು ಮನೆಯವರು. ಹಾಕಿದೆ. ಅವಳ ಸ್ವರ ಚಪ್ಪರದ ತುಂಬ ಬಂತು. ಹೆಂಗಸರೆಲ್ಲ ಸಿನಿಮಾ ನೋಡುವವರ ಹಾಗೆ ಕೈಕಟ್ಟಿ ಕೂತು ಕೇಳಿದರು, ಕೆಲವರು ಕಣ್ಣೊರೆಸಿಕೊಂಡರು. ಅವಳು ಇದನ್ನು ಒಪ್ಪುತ್ತಿರಲಿಲ್ಲ ಎನ್ನಿಸಿತು ನನಗೆ. ಅವಳ ಸಾಲುಗಳೂ ನನ್ನ ಸಾಲುಗಳೂ ಕಂಪ್ಯೂಟರಿನಲ್ಲಿ ಬೇರೆಬೇರೆಯಾಗಿಯೇ ಇದ್ದವು. ಮೂರನೆಯ ನುಡಿಗೆ ಬಂದಾಗ ಅತ್ತೆಯ ಸ್ವರವನ್ನೂ ನನ್ನ ಹಳೆಯ ಸಾಲನ್ನೂ ನಿಲ್ಲಿಸಿದೆ.

ಅವಳ ಸಾಲು ಬರಬೇಕಾದ ಕಡೆ ಬರಿ ತಂಬೂರಿಯ ಶ್ರುತಿ ಉಳಿಯಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆ ಎತ್ತದೆ ಕೀಗಳ ಮೇಲೆ ಕೈಯಿಟ್ಟು ಕಾದೆ. ಆಗ ಅಮ್ಮ, ಒಲೆಯ ಮುಂದೆ ಅತ್ತೆಯ ಹಾಡನ್ನು ಮೂವತ್ತು ವರ್ಷ ಕೇಳುತ್ತಲೇ ಇದ್ದವಳು, ಅರಿಶಿನದ ಬಟ್ಟಲು ಹಿಡಿದುಕೊಂಡೇ ಆ ಸಾಲನ್ನು ಎತ್ತಿದಳು. ಶ್ರುತಿ ಸ್ವಲ್ಪ ಕೆಳಗಿತ್ತು. ನಾನು ಆ ಶ್ರುತಿಗೆ ಇಳಿದು ಅವಳ ಹಿಂದೆ ಹೇಳಿದೆ.